ಜೇಸನ್ ಎಲ್ಲಿಗೆ ಬೇಕು, ಎಲ್ಲಿಗೆ ಬೇಡ: ಮೆಣಸಿನಕಾಯಿ ಅಂಗಡಿಯ ಲೆಕ್ಕ

ಜಿಎಸ್‌ಟಿ ಪೋರ್ಟಲ್ ಜೇಸನ್ (JSON) ಎಂಬ ರೂಪದ ಕಡತ ಕೇಳುತ್ತದೆ ಎಂದ ಮಾತ್ರಕ್ಕೆ ಬಳ್ಳಾರಿಯ ಒಣಮೆಣಸಿನಕಾಯಿ ವ್ಯಾಪಾರಿ ತನ್ನ ಖಾತೆಯನ್ನೆಲ್ಲ ಜೇಸನ್‌ಗೆ ಬದಲಿಸಬೇಕಿಲ್ಲ. ಜೇಸನ್ ಎಂದರೆ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಮಾಹಿತಿ ಸಾಗಿಸುವ ರೂಪ. ಒಂದು ಬಿಲ್ಲಿನೊಳಗೆ ಹತ್ತು ಬಾಬ್ತು ಇದ್ದರೆ ಅಚ್ಚುಕಟ್ಟಾಗಿ ಹಿಡಿಸುತ್ತದೆ, ನಿಜ. ಆದರೆ ಚೀಲ, ತೂಕ, ದರದ ನೇರ ಪಟ್ಟಿಗೆ ಪ್ರತಿ ಸಾಲಿನಲ್ಲೂ ಕಾಲಂ ಹೆಸರು ಮತ್ತೆ ಬರೆಯುತ್ತ ಕಡತ ಊದಿಕೊಳ್ಳುತ್ತದೆ. ರೈತರಿಂದ ಕೊಂಡ ಚೀಟಿಗಳಿಗೆ ಇ-ಇನ್‌ವಾಯ್ಸ್ (ಸರ್ಕಾರಿ ಪೋರ್ಟಲ್‌ನಲ್ಲಿ ದಾಖಲಿಸುವ ಬಿಲ್) ಇಲ್ಲವೇ ಇಲ್ಲ; ಅವು ಎಕ್ಸೆಲ್‌ನಲ್ಲೇ ಇರಲಿ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ದಾಟಿದವರು ನೋಂದಾಯಿತ ವ್ಯಾಪಾರಿಗೆ ಮಾರಿದ ಮತ್ತು ರಫ್ತಿನ ಬಿಲ್‌ಗಳಿಗಷ್ಟೇ ಇ-ಇನ್‌ವಾಯ್ಸ್ ಜೇಸನ್ ಸಿದ್ಧಮಾಡಿದರೆ ಸಾಕು.

ಜೇಸನ್ ಮಾಡುವ ಮುಂಚೆ ಎಕ್ಸೆಲ್ ಪಟ್ಟಿಯಲ್ಲಿ ಎರಡು ಸಂಗತಿ ಸರಿಪಡಿಸಿ. ಮೊದಲು ಹಳೆಯ ಹೆಸರುಗಳನ್ನು ನೋಡಿ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ನಲ್ಲಿ ಟೈಪಿಸಿದ್ದರೆ ಬೇರೆಡೆ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತವೆ. ಪರಿವರ್ತಕದಿಂದ ಯೂನಿಕೋಡ್‌ಗೆ ತನ್ನಿ. ಪಟ್ಟಿಯನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಕಡತ) ಮಾಡುವಾಗ ಕನ್ನಡ ಅಕ್ಷರ ಉಳಿಸುವ ಯುಟಿಎಫ್-8 ಆಯ್ಕೆಮಾಡಿ.

ಎರಡನೆಯದು ಅಂಕಿಗಳು; ಹೆಚ್ಚು ಜನ ಎಡವುವ ಜಾಗ ಇದೇ. ಒಣಮೆಣಸಿನಕಾಯಿಯ ಎಚ್‌ಎಸ್‌ಎನ್ (ಸರಕಿನ ಸಂಕೇತ ಸಂಖ್ಯೆ) ಶುರುವಾಗುವುದೇ 0904ರಿಂದ. ಎಕ್ಸೆಲ್ ಅದನ್ನು ಸಂಖ್ಯೆ ಎಂದುಕೊಂಡು 904 ಮಾಡಿಬಿಡುತ್ತದೆ. 15 ಅಂಕಿಗಿಂತ ಉದ್ದದ ಬ್ಯಾಂಕ್ ಖಾತೆ ಸಂಖ್ಯೆಯಾದರೆ ಕೊನೆಯ ಅಂಕಿಗಳು ಸೊನ್ನೆಯಾಗುತ್ತವೆ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಹಾಗಾಗಿ ಕಾಲಂ ಅನ್ನು ಟೈಪಿಸುವ ಮುಂಚೆಯೇ ‘ಟೆಕ್ಸ್ಟ್’ ಮಾಡಬೇಕು. ಆಮೇಲೆ ಮಾಡಿದರೆ ಹೋದ ಅಂಕಿ ಬರದು.

ಬಿಲ್ ಸಂಖ್ಯೆ 16 ಅಕ್ಷರ ಮೀರಬಾರದು, ಸೊನ್ನೆಯಿಂದ ಶುರುವಾಗಬಾರದು. ಜೇಸನ್‌ಗೆ ದಿನಾಂಕ ಎಂಬ ಪ್ರತ್ಯೇಕ ಬಗೆಯೇ ಇಲ್ಲ; ಪೋರ್ಟಲ್ ಕೇಳಿದ ರೂಪದಲ್ಲೇ ಪಠ್ಯವಾಗಿ ಬರೆಯಬೇಕು. ಇ-ಇನ್‌ವಾಯ್ಸ್‌ಗೆ 05/02/2025, ಮಾರಾಟದ ವಿವರ ಸಲ್ಲಿಸುವ ಜಿಎಸ್‌ಟಿಆರ್-1ಕ್ಕೆ 05-02-2025: ಒಂದೇ ಇಲಾಖೆ, ಎರಡು ಪದ್ಧತಿ! ಎಚ್‌ಎಸ್‌ಎನ್ ಉದ್ಧರಣ ಚಿಹ್ನೆಯೊಳಗೆ ಇರಬೇಕು, ಪಿನ್‌ಕೋಡ್ ಹೊರಗೆ.

ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ಕೈಯಾರೆ ಬರೆಯುವ ಗೋಜು ಬೇಡ. ಕೊನೆಯ ಬಾಬ್ತಿನ ನಂತರ ಒಂದು ಅಲ್ಪವಿರಾಮ ಉಳಿದರೂ ಇಡೀ ಕಡತ ತಿರಸ್ಕೃತ. ಪೋರ್ಟಲ್‌ನಲ್ಲೇ ಉಚಿತವಾಗಿ ಸಿಗುವ ಪರಿಕರ ಬಳಸಿ. ಮೊದಲು ಒಂದೇ ಬಿಲ್ ಕಳಿಸಿ, ಮೊತ್ತ ಮತ್ತು ತೆರಿಗೆಯನ್ನು ಎಕ್ಸೆಲ್ ಪಟ್ಟಿಯೊಂದಿಗೆ ತಾಳೆನೋಡಿ, ನಂತರ ಉಳಿದವನ್ನು ಹಾಕಿ.

ಐಆರ್‌ಎನ್ (ಪೋರ್ಟಲ್ ಪ್ರತಿ ಇ-ಇನ್‌ವಾಯ್ಸ್‌ಗೆ ಕೊಡುವ ಗುರುತಿನ ಸಂಖ್ಯೆ) ಬಂದ ಮೇಲೆ ತಪ್ಪು ಕಂಡರೆ ರದ್ದುಮಾಡಲು 24 ಗಂಟೆ ಮಾತ್ರ ಅವಕಾಶ. ಅದು ಮೀರಿದರೆ ಕ್ರೆಡಿಟ್ ನೋಟ್ ಕೊಡಬೇಕು, ಇಲ್ಲವೇ ಜಿಎಸ್‌ಟಿಆರ್-1ರಲ್ಲಿ ತಿದ್ದಬೇಕು. ಪೋರ್ಟಲ್‌ನಿಂದ ಡಿಜಿಟಲ್ ಸಹಿಯಾಗಿ ಮರಳಿ ಬಂದ ಜೇಸನ್ ಅನ್ನು ಬಿಲ್ ಸಂಖ್ಯೆಯ ಹೆಸರಲ್ಲೇ ಉಳಿಸಿಡಿ.