‘ಆಕ್ಸೆಸ್ ಡಿನೈಡ್’ ಬಂತೆಂದು ಅಡ್ಮಿನ್ ಹಕ್ಕು ಕೊಡಬೇಡಿ

ಆಫೀಸಿನ ವಿಂಡೋಸ್ ಕಂಪ್ಯೂಟರಿನಲ್ಲಿ ಲೆಕ್ಕದ ಸಾಫ್ಟ್‌ವೇರ್ ತೆರೆದರೆ ‘ಆಕ್ಸೆಸ್ ಡಿನೈಡ್’. ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಕೊಟ್ಟರೆ ಸಲೀಸಾಗಿ ಓಡುತ್ತದೆ. ಅಷ್ಟಕ್ಕೇ ನೌಕರರ ಅಕೌಂಟನ್ನು ಅಡ್ಮಿನ್ ಮಾಡಿಬಿಡುವವರು ಬಹಳ. ಆಮೇಲೆ ಅವರು ಯಾವುದೋ ಮೇಲ್ ಅಟ್ಯಾಚ್‌ಮೆಂಟಿಗೆ ಒಮ್ಮೆ ‘ಯೆಸ್’ ಒತ್ತಿದರೂ ಸಾಕು, ಇಡೀ ಕಂಪ್ಯೂಟರ್ ಅದರ ಕೈಗೆ ಹೋಗುತ್ತದೆ.

ಇಂಥ ತೊಂದರೆಗೆ ಮುಖ್ಯ ಕಾರಣ, ಸಾಫ್ಟ್‌ವೇರ್ ತನ್ನ ಡೇಟಾವನ್ನು, ಸಾಫ್ಟ್‌ವೇರುಗಳು ಇನ್‌ಸ್ಟಾಲ್ ಆಗುವ ‘ಪ್ರೋಗ್ರಾಮ್ ಫೈಲ್ಸ್’ ಫೋಲ್ಡರಿನ ಒಳಗೇ ಬರೆಯಲು ಹೋಗುವುದು. ಸ್ಟ್ಯಾಂಡರ್ಡ್, ಅಂದರೆ ಅಡ್ಮಿನ್ ಅಲ್ಲದ ಅಕೌಂಟಿಗೆ ಅಲ್ಲಿ ಓದುವ, ಓಡಿಸುವ ಹಕ್ಕು ಮಾತ್ರ. ಒಬ್ಬರಿಗೆ ಓಡಿ ಇನ್ನೊಬ್ಬರಿಗೆ ಓಡದಿದ್ದರೆ ಎಲ್ಲ ಅಕೌಂಟುಗಳಿಗೂ ಸೇರಿದ ಡೇಟಾ ಇರುವ ‘ಪ್ರೋಗ್ರಾಮ್ ಡೇಟಾ’ ಫೋಲ್ಡರನ್ನು ನೋಡಿ. ಒಬ್ಬರು ಅಲ್ಲಿ ಸೃಷ್ಟಿಸಿದ ಫೈಲನ್ನು ಉಳಿದವರು ಸಾಮಾನ್ಯವಾಗಿ ಓದಬಹುದು, ತಿದ್ದಲಾಗದು.

ಯಾವ ಫೈಲಿನಲ್ಲಿ ಸಿಕ್ಕಿಕೊಂಡಿದೆ ಎಂದು ಊಹಿಸಬೇಡಿ. ಸಾಫ್ಟ್‌ವೇರ್ ಯಾವ ಯಾವ ಫೈಲನ್ನು ಮುಟ್ಟುತ್ತದೆ ಎಂದು ಸಾಲುಸಾಲಾಗಿ ತೋರಿಸುವ ಮೈಕ್ರೋಸಾಫ್ಟ್‌ನ ಉಚಿತ ‘ಪ್ರೋಸೆಸ್ ಮಾನಿಟರ್’ ಇಳಿಸಿಕೊಳ್ಳಿ. ನೌಕರರ ಲಾಗಿನ್‌ನಲ್ಲೇ ಇದ್ದುಕೊಂಡು, ಮಾನಿಟರಿಗೆ ಮಾತ್ರ ಅಡ್ಮಿನ್ ಪಾಸ್‌ವರ್ಡ್ ಕೊಡಿ; ಲೆಕ್ಕದ ಸಾಫ್ಟ್‌ವೇರನ್ನು ಎಂದಿನಂತೆ ತೆರೆಯಿರಿ. ಫಿಲ್ಟರಿನಲ್ಲಿ ‘ರಿಸಲ್ಟ್’ ಎಂಬಲ್ಲಿ ‘ಆಕ್ಸೆಸ್ ಡಿನೈಡ್’ ಆರಿಸಿದರೆ ‘ಪಾತ್’ ಕಾಲಮಿನಲ್ಲಿ ಜಾಗ ಕಾಣುತ್ತದೆ. ಬಂದ ಸಾಲುಗಳೆಲ್ಲ ದೋಷವಲ್ಲ. ಎರರ್ ಮೆಸೇಜ್ ಬರುವ ಮುನ್ನ ಕೊನೆಗೆ ಬಿದ್ದ ಒಂದೆರಡನ್ನು ಮೊದಲು ಪರೀಕ್ಷಿಸಿ.

ಸಾಫ್ಟ್‌ವೇರಿನ ಸೆಟ್ಟಿಂಗ್ಸ್‌ನಲ್ಲಿ ಡೇಟಾದ ಜಾಗ ಬದಲಿಸಲು ಬಂದರೆ ‘ಪ್ರೋಗ್ರಾಮ್ ಫೈಲ್ಸ್’ ಹೊರಗೆ ಹಾಕಿ. ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆಗದಿದ್ದರೆ ಡೇಟಾ ಫೋಲ್ಡರಿನ ಪ್ರಾಪರ್ಟೀಸ್, ಸೆಕ್ಯುರಿಟಿ, ಎಡಿಟ್, ಆ್ಯಡ್ ಹಾದಿಯಲ್ಲಿ ಹೋಗಿ ಲೆಕ್ಕ ವಿಭಾಗದವರ ಗ್ರೂಪಿಗೆ ‘ಮಾಡಿಫೈ’ (ಓದುವ, ಬರೆಯುವ, ಅಳಿಸುವ ಹಕ್ಕು) ಕೊಡಿ. ‘ಫುಲ್ ಕಂಟ್ರೋಲ್’ ಬೇಡ, ಅದರ ಜೊತೆಗೆ ಹಕ್ಕುಗಳನ್ನೇ ಬದಲಿಸುವ ಅಧಿಕಾರವೂ ಹೋಗುತ್ತದೆ. ಎಲ್ಲರನ್ನೂ ಒಳಗೊಳ್ಳುವ ‘ಎವೆರಿವನ್’ ಗ್ರೂಪಿಗೆ ಕೊಡುವುದಂತೂ ಬೇಡವೇ ಬೇಡ. ಗ್ರೂಪಿಗೆ ಹೊಸದಾಗಿ ಸೇರಿಸಿದವರು ಸೈನ್ ಔಟ್ ಆಗಿ ಮತ್ತೆ ಸೈನ್ ಇನ್ ಆಗುವವರೆಗೆ ಹಕ್ಕು ಹತ್ತುವುದಿಲ್ಲ. ಇದು ಗೊತ್ತಿಲ್ಲದೆ ‘ಕೆಲಸ ಮಾಡಲಿಲ್ಲ’ ಎಂದು ಮತ್ತಷ್ಟು ಹಕ್ಕು ಸುರಿಯುತ್ತಾರೆ.

ಸಾಫ್ಟ್‌ವೇರಿನ ಇಎಕ್ಸ್ಇ ಫೈಲ್ (ಸಾಫ್ಟ್‌ವೇರನ್ನು ಓಡಿಸುವ ಮೂಲ ಫೈಲ್) ಇರುವ ಫೋಲ್ಡರಿಗೆ ಮಾತ್ರ ಬರೆಯುವ ಹಕ್ಕು ಕೊಡಲೇಬೇಡಿ. ನೌಕರರ ಲಾಗಿನ್‌ಗೆ ನುಗ್ಗಿದ ವೈರಸ್ ಆ ಫೈಲನ್ನೇ ಬದಲಿಸಿಟ್ಟರೆ, ಮುಂದೆ ಅಡ್ಮಿನ್ ಅದನ್ನು ಓಡಿಸಿದಾಗ ಅಡ್ಮಿನ್ ಹಕ್ಕೂ ಅದಕ್ಕೆ ಸಿಗುತ್ತದೆ.

ಏನನ್ನಾದರೂ ಬದಲಿಸುವ ಮೊದಲು ಸೆಕ್ಯುರಿಟಿ ಟ್ಯಾಬಿನ ಸ್ಕ್ರೀನ್‌ಶಾಟ್ ತೆಗೆದಿಡಿ. ಅಡ್ವಾನ್ಸ್ಡ್‌ನಲ್ಲಿರುವ ‘ರಿಪ್ಲೇಸ್ ಆಲ್ ಚೈಲ್ಡ್ ಆಬ್ಜೆಕ್ಟ್...’ ಟಿಕ್ ಮಾಡಿದರೆ ಒಳಗಿನ ಫೋಲ್ಡರುಗಳಿಗೆ ಬೇರೆಯಾಗಿ ಕೊಟ್ಟಿದ್ದ ಹಕ್ಕುಗಳು ಅಳಿಸಿಹೋಗುತ್ತವೆ, ಅದನ್ನು ಹಿಂದಕ್ಕೆ ತರುವ ಬಟನ್ ಇಲ್ಲ.

ಡೇಟಾ ಬೇರೆ ಕಂಪ್ಯೂಟರಿನಲ್ಲಿದ್ದರೆ ಶೇರ್ ಪರ್ಮಿಷನ್, ಅಂದರೆ ನೆಟ್‌ವರ್ಕಿನ ಮೂಲಕ ಬರುವವರಿಗೆ ಕೊಟ್ಟ ಹಕ್ಕನ್ನೂ ನೋಡಿ: ಶೇರ್ ಮತ್ತು ಫೋಲ್ಡರ್ ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಅಡ್ಮಿನ್ ಆಗಿ ಓಡಿಸಿದರೂ ಅದೇ ತಕರಾರಿದ್ದರೆ ವಿಂಡೋಸ್ ಸೆಕ್ಯುರಿಟಿಯ ‘ಪ್ರೊಟೆಕ್ಷನ್ ಹಿಸ್ಟರಿ’ ತೆರೆಯಿರಿ. ನಂಬಿಕೆಯಿಲ್ಲದ ಸಾಫ್ಟ್‌ವೇರ್ ಮುಖ್ಯ ಫೋಲ್ಡರುಗಳನ್ನು ಬದಲಿಸದಂತೆ ಕಾಯುವ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’ ತಡೆದಿರಬಹುದು.

ಕೊನೆಗೆ ನೌಕರರ ಲಾಗಿನ್‌ನಲ್ಲೇ ಒಂದು ಎಂಟ್ರಿ ಹಾಕಿ, ಸೇವ್ ಮಾಡಿ, ಮುಚ್ಚಿ ತೆರೆದು ನೋಡಿ. ಬ್ಯಾಕಪ್ಪನ್ನೂ ಒಮ್ಮೆ ಓಡಿಸಿ, ಅದು ಬರೆಯುವ ಫೋಲ್ಡರ್ ಬೇರೆಯೇ ಇರಬಹುದು.