ರೀಜನ್ ಕಿಟ್‌ನಲ್ಲಿ ಕೊನೆಗೂ ಶಾರ್ಟ್‌ವೇವ್ ಹಿಡಿದೆ: ನನ್ನ ಅನುಭವ

ಮೂರು ಟ್ರಾನ್ಸಿಸ್ಟರ್, ಒಂದು ಎಲ್ಎಂ386 ಆಡಿಯೋ ಆಂಪ್ಲಿಫೈಯರ್ ಚಿಪ್, ಇಷ್ಟೇ ಇರೋ ರೀಜನರೇಟಿವ್ ರೇಡಿಯೋ ಕಿಟ್ (ಸಿಗ್ನಲನ್ನ ಸ್ವಲ್ಪ ಹಿಂದಕ್ಕೇ ಕೊಟ್ಟು ಮತ್ತೆ ಮತ್ತೆ ಜೋರು ಮಾಡೋ ರೇಡಿಯೋ, ಚಿಕ್ಕದಾಗಿ ರೀಜನ್) ತಗೊಂಡಾಗ ಎಲ್ಲರೂ ಹೇಳಿದ್ದು ಒಂದೇ ಮಾತು, ಅದು ಬರೀ ಕಿರುಚುತ್ತೆ, ಸ್ಟೇಷನ್ ಸಿಗಲ್ಲ, ಆ ದುಡ್ಡಿಗೆ ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸಿ ಸಾಫ್ಟ್‌ವೇರ್ ಮೂಲಕ ಕೇಳೋ ರಿಸೀವರ್) ತಗೋ ಅಂತ. ಈಗ ರಾತ್ರಿ ಹೊತ್ತು 49 ಮೀಟರ್, 31 ಮೀಟರ್ ಬ್ಯಾಂಡ್ ಎರಡೂ ಸೇರಿ ಏನಿಲ್ಲ ಅಂದ್ರೂ ಇಪ್ಪತ್ತು ಸ್ಟೇಷನ್ ಹೆಡ್‌ಫೋನಲ್ಲಿ ಸ್ಪಷ್ಟವಾಗಿ ಕೇಳ್ತಿದೀನಿ, ಅದಕ್ಕೇ ಬರೀತಿದೀನಿ.

ಸೋಲ್ಡರಿಂಗ್ ಎಲ್ಲಾ ನಿಮಗೆ ಗೊತ್ತಿರೋದೇ, ಬಿಡಿ. ನನ್ನ ಎರಡು ವಾರ ತಿಂದಿದ್ದು ಕಾಯಿಲ್. ಟಿ50-2 ಕೆಂಪು ಟೊರಾಯ್ಡ್ (ಬಳೆ ಆಕಾರದ ಕೋರ್) ಮೇಲೆ 32 ಸುತ್ತು, ಸುಮಾರು 5 ಮೈಕ್ರೋಹೆನ್ರಿ, 365 ಪಿಎಫ್ (ಪಿಕೋಫ್ಯಾರಡ್) ಗ್ಯಾಂಗ್, ಅಂದ್ರೆ ಟ್ಯೂನಿಂಗ್ ಕೆಪಾಸಿಟರ್ ಜೊತೆ ಹತ್ತಿರ ಹತ್ತಿರ 3.7ರಿಂದ 10 ಮೆಗಾಹರ್ಟ್ಜ್ ಬರುತ್ತೆ. ಮೊದಲನೇ ಸಲ ಆಸಿಲೇಷನ್ನೇ (ಸರ್ಕ್ಯೂಟ್ ತಾನಾಗೇ ಕಂಪಿಸೋದು) ಇಲ್ಲ. ಟ್ರಾನ್ಸಿಸ್ಟರ್ ಹೋಗಿದೆ ಅಂತ ಎರಡು ಬದಲಾಯಿಸಿದೆ, ಆಮೇಲೆ ನೋಡಿದ್ರೆ ಟಿಕ್ಲರ್ (ಸಿಗ್ನಲನ್ನ ಹಿಂದಕ್ಕೆ ಕೊಡೋ ಚಿಕ್ಕ ಸುತ್ತು) ತಂತಿಯ ಎರಡು ತುದಿ ಅದಲುಬದಲಾಗಿತ್ತು! ತಿರುಗಿಸಿ ಹಾಕಿದ ತಕ್ಷಣ ಕಿವಿಯಲ್ಲಿ 'ಪ್ಳಪ್' ಅಂತ ಒಂದು ಸದ್ದು, ಹಿಂದೇನೇ ಸುಯ್ ಅನ್ನೋ ಹಿಸ್. ಆ ಸದ್ದು ಕೇಳಿದಾಗ ಆದ ಖುಷಿ ಇನ್ನೂ ಮರೆತಿಲ್ಲ.

ದುಡ್ಡಿನ ವಿಷ್ಯ ಹೇಳ್ಬೇಕು. ಬಿಡಿ ಸಾಮಾನಿಗೇ ಕಿಟ್‌ನ ಒಂದೂವರೆ ಪಟ್ಟು ಹೋಯ್ತು. ಅದ್ರಲ್ಲಿ ಪೂರ್ತಿ ದಂಡ ಆಗಿದ್ದು ರೆಡಿಮೇಡ್ ಆಂಟೆನಾ ಆಂಪ್ಲಿಫೈಯರ್, ಸಿಗ್ನಲ್ ಜೊತೆ ಮನೆಯ ಗಲಾಟೇನೂ ಅಷ್ಟೇ ಜೋರು ಮಾಡ್ತು. ಯಾರೂ ತಗೋಬೇಡಿ. ಅಡಾಪ್ಟರ್ ಕಿತ್ತು ಆರು ಪೆನ್ಸಿಲ್ ಸೆಲ್ ಹಾಕಿದ ಮೇಲೆ ಹಮ್ ನಿಂತೋಯ್ತು. ಆದ್ರೂ ವಾಲ್ಯೂಮ್ ಜಾಸ್ತಿ ಮಾಡಿದ್ರೆ ಸ್ಟೇಷನ್ ಜರುಗ್ತಿತ್ತು, 386 ಕರೆಂಟ್ ಎಳೆದಾಗ ಡಿಟೆಕ್ಟರ್ (ಸ್ಟೇಷನ್ ಹಿಡಿಯೋ ಭಾಗ) ವೋಲ್ಟೇಜ್ ಬೀಳ್ತಿತ್ತು ಅಷ್ಟೇ, ಡಿಟೆಕ್ಟರಿಗೆ ಮಾತ್ರ ಬೇರೆ 78ಎಲ್05 (5 ವೋಲ್ಟ್ ರೆಗ್ಯುಲೇಟರ್) ಕೊಟ್ಟೆ, ಸರಿಹೋಯ್ತು.

ನಿಜವಾದ ರೋಗ ಇದ್ದಿದ್ದು ಆಂಟೆನಾ ಜೋಡಿಸೋದ್ರಲ್ಲಿ. 15 ಮೀಟರ್ ತಂತಿ ನೇರವಾಗಿ ಕಾಯಿಲ್‌ಗೆ ಕೊಟ್ಟಿದ್ದೆ, ಡಯಲ್‌ನ ಮಧ್ಯೆ ಮಧ್ಯೆ ರೀಜನ್ ಸತ್ತೇ ಹೋಗ್ತಿತ್ತು, ಗಾಳಿಗೆ ತಂತಿ ಅಲ್ಲಾಡಿದ್ರೂ ಫ್ರೀಕ್ವೆನ್ಸಿ ಓಡ್ತಿತ್ತು. ಕಿಟ್ ದಂಡ ಅಂದವರೆಲ್ಲ ಇಲ್ಲೇ ಕೈಬಿಟ್ಟಿರ್ತಾರೆ ಅಂತ ನನ್ನ ನಂಬಿಕೆ. ಇನ್ಸುಲೇಷನ್ ಇರೋ ಎರಡು ತಂತಿ ತಗೊಂಡು ನಾಲ್ಕು ಸೆಂಟಿಮೀಟರ್ ಹೆಣೆದು ಅದರ ಮೂಲಕ ಆಂಟೆನಾ ಕೊಟ್ಟೆ, ಕೆಲವೇ ಪಿಎಫ್ ಆಗುತ್ತೆ, ಅರ್ಧ ತೊಂದ್ರೆ ಅಲ್ಲೇ ಹೋಯ್ತು. ಉಳಿದ ಅರ್ಧ ಹೋಗಿದ್ದು ಮುಂದೆ ಒಂದು ಜೆ310 ಗ್ರೌಂಡೆಡ್ ಗೇಟ್ ಸ್ಟೇಜ್ (ಆಂಟೆನಾ, ಕಾಯಿಲ್ ಎರಡನ್ನೂ ಬೇರೆ ಬೇರೆ ಇಡೋ ಟ್ರಾನ್ಸಿಸ್ಟರ್ ಹಂತ) ಹಾಕಿದ ಮೇಲೆ, ನಮ್ಮ ಆಸಿಲೇಷನ್ ಆಂಟೆನಾಗೆ ಸೋರೋದೂ ತುಂಬಾ ಕಮ್ಮಿ ಆಯ್ತು. ರೀಜನ್ ಪಾಟ್ (ರೀಜನ್ ಹೆಚ್ಚು ಕಮ್ಮಿ ಮಾಡೋ ನಾಬ್) ಇಷ್ಟು ನಯವಾಗಿ ತಿರುಗೋಕೆ ಅದರ ಎರಡೂ ಕಡೆ ಏನು ಹಾಕಿದೀನಿ ಅಂತ ಮಾತ್ರ ಈಗ ಹೇಳಲ್ಲ, ಇನ್ನೊಂದು ಬೋರ್ಡಲ್ಲೂ ಹಾಕಿ ನೋಡ್ಬೇಕು.

ಮಧ್ಯೆ ಇನ್ನೊಂದು ಪ್ರಯೋಗ ಮಾಡಿದೆ, ಫೈನ್ ಟ್ಯೂನಿಂಗ್‌ಗೆ ವ್ಯಾರಾಕ್ಟರ್ (ವೋಲ್ಟೇಜ್ ಬದಲಾದ ಹಾಗೆ ಕೆಪಾಸಿಟನ್ಸ್ ಬದಲಾಗೋ ಡಯೋಡ್) ಬದಲು ಮಾಮೂಲಿ 1ಎನ್4007 ಡಯೋಡನ್ನೇ ರಿವರ್ಸ್‌ನಲ್ಲಿ ಹಾಕಿ ಹತ್ತು ಸುತ್ತಿನ ಪಾಟ್ ಕೊಟ್ಟೆ. ಬಹಳ ಚೆನ್ನಾಗಿ ಬಂತು, ಎಸ್‌ಎಸ್‌ಬಿ (ಹ್ಯಾಮ್‌ಗಳು ಬಳಸೋ ಸಿಂಗಲ್ ಸೈಡ್‌ಬ್ಯಾಂಡ್) ಮಾತು ಕೂಡ ಬಿಡಿಸಿಕೊಳ್ಳುತ್ತೆ, ರೀಜನ್ ಆಸಿಲೇಷನ್ ದಾಟಿ ಒಂಚೂರು ಮುಂದೆ ಇಡ್ಬೇಕು ಅಷ್ಟೇ. ಎಎಂ (ಮಾಮೂಲಿ ಪ್ರಸಾರ) ಕೇಳೋಕೆ ದಾಟೋ ಮುಂಚೆ, ಸರಿಯಾಗಿ ಅಂಚಲ್ಲಿ.

ಡಯಲ್ ಗುರುತು ಹಾಕಿದ್ದು 5 ಮತ್ತು 10 ಮೆಗಾಹರ್ಟ್ಜ್ ಟೈಮ್ ಸಿಗ್ನಲ್‌ನ ಟಿಕ್ ಟಿಕ್ ಹಿಡಿದು. 25 ಮೀಟರ್‌ಗೆ ಅಂತ 20 ಸುತ್ತಿನ ಕಾಯಿಲ್ ಸುತ್ತಿಟ್ಟಿದೀನಿ, ಟಿಕ್ಲರ್ ಮೂರು ಸುತ್ತು ಸಾಕಾ ನಾಲ್ಕು ಬೇಕಾ ಅಂತ ಈ ವಾರ ನೋಡ್ತೀನಿ.