ಡಬ್ಬಿಯ ಮೇಲಿನ ಅಂಕಿಗಿಂತ ಆಂಟೆನಾ ಇರುವ ಜಾಗ ಮುಖ್ಯ: ಡೆಸ್ಕ್‌ಟಾಪ್‌ಗೆ ವೈ-ಫೈ ಅಡಾಪ್ಟರ್ ಆರಿಸುವ ಬಗೆ

ಡೆಸ್ಕ್‌ಟಾಪ್ ಕಂಪ್ಯೂಟರ್‌ಗೆ ವೈ-ಫೈ ಬೇಕೆಂದಾಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಡಬ್ಬಿಯ ಮೇಲೆ ದೊಡ್ಡ ಅಂಕಿ ಇರುವ, ಹೆಬ್ಬೆರಳ ಉಗುರಿನಷ್ಟು ಚಿಕ್ಕ ಡಾಂಗಲ್ (ಯುಎಸ್‌ಬಿ ಕಿಂಡಿಗೆ ಚುಚ್ಚುವ ವೈ-ಫೈ ಅಡಾಪ್ಟರ್) ತಂದು ಕ್ಯಾಬಿನೆಟ್‌ನ ಹಿಂಬದಿಗೆ ಚುಚ್ಚಿಬಿಡುತ್ತಾರೆ. ವೇಗ ಬರದಿದ್ದಾಗ ಬೈಗುಳ ಇಂಟರ್ನೆಟ್ ಕಂಪನಿಗೆ. ತಗಡಿನ ಪೆಟ್ಟಿಗೆ ಒಂದು ಕಡೆ, ಗೋಡೆ ಇನ್ನೊಂದು ಕಡೆ, ಮೇಲೆ ಮೇಜು. ಈ ಮೂರರ ನಡುವೆ ಸಿಕ್ಕಿಕೊಂಡ ಆಂಟೆನಾಕ್ಕೆ ರೂಟರ್ ಕಾಣುವುದಾದರೂ ಹೇಗೆ?

ಮೊದಲು ಫೋನ್ ಹಿಡಿದು ನೋಡಿ

ಏನನ್ನೂ ಕೊಳ್ಳುವ ಮುನ್ನ ಫೋನನ್ನು ಮನೆಯ ವೈ-ಫೈಗೆ ಸೇರಿಸಿ, ಕಂಪ್ಯೂಟರ್ ಇರುವ ಮೇಜಿನ ಮೇಲಿಟ್ಟು ಸ್ಪೀಡ್ ಟೆಸ್ಟ್ ಮಾಡಿ. ನಂತರ ಕ್ಯಾಬಿನೆಟ್‌ನ ಹಿಂದೆ ಹಿಡಿದು ಇನ್ನೊಮ್ಮೆ ಮಾಡಿ. ಮೇಜಿನ ಮೇಲೆ ಚೆನ್ನಾಗಿದ್ದು ಹಿಂದೆ ಕುಸಿದರೆ, ನಿಮಗೆ ಬೇಕಿರುವುದು ಆಂಟೆನಾವನ್ನು ಮೇಲಕ್ಕೆ ತರಬಲ್ಲ ಅಡಾಪ್ಟರ್. ಎರಡೂ ಕಡೆ ಕುಂಟಿದರೆ ಎಂಥ ಅಡಾಪ್ಟರ್ ತಂದರೂ ಹೆಚ್ಚೇನೂ ಪ್ರಯೋಜನವಿಲ್ಲ. ರೂಟರ್‌ನ ಜಾಗ ಬದಲಿಸಿ, ಇಲ್ಲವೇ ನಡುವೆ ಸಿಗ್ನಲನ್ನು ಮುಂದಕ್ಕೆ ದಾಟಿಸುವ ಮೆಶ್ ಘಟಕವೊಂದನ್ನು ಇಡಿ. ಅಂದಹಾಗೆ, ರೂಟರ್‌ನಿಂದ ಕಂಪ್ಯೂಟರ್‌ವರೆಗೆ ಈಥರ್ನೆಟ್ ಕೇಬಲ್ ಎಳೆಯಲು ದಾರಿ ಇದ್ದರೆ ಈ ಲೇಖನವನ್ನು ಇಲ್ಲಿಗೇ ಬಿಟ್ಟು ಕೇಬಲ್ ಎಳೆಯಿರಿ. 100 ಮೀಟರ್‌ವರೆಗೆ ಅದು ತಕರಾರಿಲ್ಲದೆ ನಡೆಯುತ್ತದೆ.

ರೂಟರ್ ಯಾವ ತಲೆಮಾರಿನದು?

ರೂಟರ್‌ನ ಅಡಿಯ ಚೀಟಿಯಲ್ಲಿ ಮಾದರಿಯ ಹೆಸರಿರುತ್ತದೆ, ಅದನ್ನು ಇಂಟರ್ನೆಟ್‌ನಲ್ಲಿ ಹುಡುಕಿದರೆ ತಲೆಮಾರು ತಿಳಿಯುತ್ತದೆ. 802.11ಎನ್ ಎಂದರೆ ವೈ-ಫೈ 4, ಎಸಿ ಎಂದರೆ ವೈ-ಫೈ 5, ಎಎಕ್ಸ್ ಎಂದರೆ ವೈ-ಫೈ 6, ಬಿಇ ಎಂದರೆ ವೈ-ಫೈ 7. ಹೊಸ ಅಡಾಪ್ಟರ್ ಹಳೆಯ ರೂಟರ್ ಜೊತೆ ಹೊಂದಿಕೊಳ್ಳುತ್ತದೆ, ಆದರೆ ಹಳೆಯದರ ವೇಗಕ್ಕೇ ಇಳಿಯುತ್ತದೆ. ವೈ-ಫೈ 5 ರೂಟರ್ ಇರುವ ಮನೆಗೆ ವೈ-ಫೈ 6 ಅಡಾಪ್ಟರ್ ಧಾರಾಳವಾಗಿ ಸಾಕು. ವೈ-ಫೈ 7ಕ್ಕೆ ಹಣ ಸುರಿಯುವುದರಲ್ಲಿ ಅರ್ಥವಿಲ್ಲ. ಇನ್ನೊಂದು ಕಟ್ಟು ವಿಂಡೋಸ್‌ನದು: ವೈ-ಫೈ 6ರ ವಿಸ್ತರಿತ ರೂಪವಾದ ವೈ-ಫೈ 6ಇ ಬಳಸುವ 6 ಗಿಗಾಹರ್ಟ್ಸ್ ಬ್ಯಾಂಡ್‌ಗೆ, ಅಂದರೆ ಆ ರೇಡಿಯೋ ಅಲೆಗಳ ಪಟ್ಟಿಗೆ, ವಿಂಡೋಸ್ 11 ಬೇಕು, 10ರಲ್ಲಿ ಅದು ತೆರೆಯುವುದಿಲ್ಲ. ವೈ-ಫೈ 7ಕ್ಕೆ ವಿಂಡೋಸ್ 11ರ 24ಎಚ್2 ಆವೃತ್ತಿ ಇರಬೇಕು.

ಬರೀ 2.4 ಗಿಗಾಹರ್ಟ್ಸ್ ಹಿಡಿಯುವ ಅಡಾಪ್ಟರ್ ಮಾತ್ರ ಬೇಡವೇ ಬೇಡ. ಆ ಬ್ಯಾಂಡ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಎಂದು ಮೂರೇ ಮೂರು. ಅಕ್ಕಪಕ್ಕದವರ ರೂಟರ್, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲವೂ ಅಲ್ಲೇ ನುಗ್ಗುತ್ತವೆ. ದೂರಕ್ಕೆ, ಗೋಡೆಯಾಚೆಗೆ ಅದು ಚೆನ್ನ. ವೇಗಕ್ಕೆ 5 ಗಿಗಾಹರ್ಟ್ಸ್ ಇರಬೇಕು.

ಆ ದೊಡ್ಡ ಅಂಕಿಯ ಗುಟ್ಟು

'ಎಸಿ1200' ಎಂದಿದ್ದರೆ 1200 ಎಂಬಿಪಿಎಸ್ ಸಿಗುತ್ತದೆಂದಲ್ಲ. 2.4ರಲ್ಲಿ 300, 5ರಲ್ಲಿ 867, ಎರಡನ್ನೂ ಕೂಡಿಸಿ ದುಂಡು ಅಂಕಿಗೆ ಏರಿಸಿದ ಲೆಕ್ಕ ಅದು. ಇಂಥ ಅಡಾಪ್ಟರ್‌ನಲ್ಲಿ ಕಂಪ್ಯೂಟರ್ ಒಂದು ಸಲಕ್ಕೆ ಸೇರುವುದು ಒಂದೇ ಬ್ಯಾಂಡ್‌ಗೆ. 'ಎಸಿ600'ರಲ್ಲಿ ಉಪಯೋಗಕ್ಕೆ ಬರುವುದು 433, 'ಎಎಕ್ಸ್1800'ರಲ್ಲಿ 1201. 'ಎಎಕ್ಸ್3000'ರ 2402 ಸಿಗಬೇಕಾದರೆ ರೂಟರ್ ಕೂಡ 160 ಮೆಗಾಹರ್ಟ್ಸ್ ಅಗಲದ ಚಾನೆಲ್ ಕೊಡಬೇಕು. ಬರೀ 80 ಕೊಡುವ ರೂಟರ್ ಆದರೆ ಅದೂ 1201ಕ್ಕೇ ನಿಲ್ಲುತ್ತದೆ. ಇಷ್ಟೆಲ್ಲ ಆದಮೇಲೂ ಕೈಗೆ ಬರುವ ನಿಜವಾದ ವೇಗ ಈ ಅಂಕಿಯ ಅರ್ಧದಿಂದ ಶೇ 60ರ ಆಸುಪಾಸು, ಅದೂ ಸಿಗ್ನಲ್ ಚೆನ್ನಾಗಿದ್ದರೆ.

ಹಾಗಾಗಿ ನಿಮ್ಮ ಇಂಟರ್ನೆಟ್ ಪ್ಲಾನ್ 100 ಎಂಬಿಪಿಎಸ್ ಆಗಿದ್ದರೆ ಎಸಿ600 ಕೂಡ ಸಾಲುತ್ತದೆ. 300ರ ಪ್ಲಾನ್‌ಗೆ ಎರಡು ಆಂಟೆನಾಗಳ ಎಸಿ1200 ಅಥವಾ ಎಎಕ್ಸ್1800 ನೋಡಿ. ಡಾಂಗಲ್ ಆದರೆ ಇನ್ನೊಂದು ಸಣ್ಣ ಅಕ್ಷರ ಓದಬೇಕು: ಯುಎಸ್‌ಬಿ 2.0 ಕಾಗದದ ಮೇಲೆ 480 ಎಂಬಿಪಿಎಸ್, ನಿಜದಲ್ಲಿ ಸುಮಾರು 300. ಯುಎಸ್‌ಬಿ 2.0 ಮೂತಿಯ ಎಸಿ1200 ಡಾಂಗಲ್‌ಗಳೂ ಮಾರಾಟಕ್ಕಿವೆ. ಅವುಗಳ 867 ಆ ಮೂತಿಯಲ್ಲೇ ಸಿಕ್ಕಿಬೀಳುತ್ತದೆ.

ಕಾರ್ಡೋ, ಡಾಂಗಲೋ?

ಒಂದೇ ಕಡೆ ನೆಲೆನಿಂತ ಡೆಸ್ಕ್‌ಟಾಪ್‌ಗೆ ನಮ್ಮ ಮತ ಕ್ಯಾಬಿನೆಟ್‌ನ ಒಳಗೆ ಮದರ್‌ಬೋರ್ಡ್‌ಗೆ ಚುಚ್ಚುವ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್‌ಗೆ, ಅದರಲ್ಲೂ ತಂತಿಯುಳ್ಳ ಆಂಟೆನಾವನ್ನು ಅಯಸ್ಕಾಂತದ ಪೀಠದ ಮೇಲೆ ನಿಲ್ಲಿಸಬಹುದಾದ ಬಗೆಗೆ. ಆಂಟೆನಾ ಮೇಜಿನ ಮೇಲೆ ಬರುತ್ತದೆ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಕೊಳ್ಳುವ ಮೊದಲು ಕ್ಯಾಬಿನೆಟ್ ತೆರೆದು, ಮದರ್‌ಬೋರ್ಡ್‌ನಲ್ಲಿ ಚಿಕ್ಕ ಎಕ್ಸ್1 ಸ್ಲಾಟ್ ಖಾಲಿ ಇದೆಯೇ ನೋಡಿ. ದಪ್ಪ ಗ್ರಾಫಿಕ್ಸ್ ಕಾರ್ಡ್ ಅದನ್ನು ಮುಚ್ಚಿಕೊಂಡಿರುವುದುಂಟು. ಆಗ ಖಾಲಿ ಇರುವ ಎಕ್ಸ್4 ಅಥವಾ ಎಕ್ಸ್16 ಸ್ಲಾಟ್‌ನಲ್ಲೂ ಇದೇ ಕಾರ್ಡ್ ಕೂರುತ್ತದೆ.

ಬ್ಲೂಟೂತ್ ಇರುವ ಕಾರ್ಡ್ ಜೊತೆ ಒಂದು ಸಣ್ಣ ತಂತಿ ಬರುತ್ತದೆ. ಎಷ್ಟೋ ಮಂದಿ ಅದನ್ನು ಡಬ್ಬಿಯಲ್ಲೇ ಬಿಟ್ಟು, ವೈ-ಫೈ ಬಂತು, ಬ್ಲೂಟೂತ್ ಕಾಣುತ್ತಿಲ್ಲ ಎಂದು ಕಾರ್ಡನ್ನೇ ವಾಪಸು ಮಾಡುತ್ತಾರೆ. ಆ ತಂತಿ ಮದರ್‌ಬೋರ್ಡ್‌ನ 9 ಪಿನ್‌ಗಳ ಯುಎಸ್‌ಬಿ 2.0 ಹೆಡರ್‌ಗೆ (ತಂತಿ ಸಿಕ್ಕಿಸುವ ಪಿನ್‌ಗಳ ಗುಂಪಿಗೆ) ಹೋಗಬೇಕು. ಕ್ಯಾಬಿನೆಟ್‌ನ ಮುಂದಿನ ಯುಎಸ್‌ಬಿ ಕಿಂಡಿಗಳು ಆ ಹೆಡರನ್ನು ಮೊದಲೇ ಹಿಡಿದಿರಬಹುದು, ಅದನ್ನೂ ನೋಡಿಕೊಳ್ಳಿ.

ಕೆಲವು ಮದರ್‌ಬೋರ್ಡ್‌ಗಳಲ್ಲಿ ವೈ-ಫೈಗೆಂದೇ ಎಂ.2 'ಇ' ಕೀ ಸ್ಲಾಟ್ ಇರುತ್ತದೆ. ಎಸ್‌ಎಸ್‌ಡಿ ಹಾಕುವ 'ಎಂ' ಕೀ ಸ್ಲಾಟ್ ಬೇರೆ, ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ. ಇಲ್ಲೊಂದು ಹಳ್ಳವಿದೆ. ಇಂಟೆಲ್‌ನ ಎಎಕ್ಸ್200, ಎಎಕ್ಸ್210 ಕಾರ್ಡ್‌ಗಳು ಸಾಮಾನ್ಯ ಪಿಸಿಐ ಎಕ್ಸ್‌ಪ್ರೆಸ್ ದಾರಿಯಲ್ಲಿ ನಡೆಯುತ್ತವೆ. ನೋಡಲು ಅವುಗಳಂತೆಯೇ ಇರುವ ಎಎಕ್ಸ್201, ಎಎಕ್ಸ್211 ಅರ್ಧ ಕೆಲಸವನ್ನು ಇಂಟೆಲ್ ಪ್ರೊಸೆಸರ್ ಅಥವಾ ಚಿಪ್‌ಸೆಟ್‌ಗೆ ಒಪ್ಪಿಸುತ್ತವೆ. ಎಎಂಡಿ ಕಂಪ್ಯೂಟರ್‌ನಲ್ಲಿ ಅವು ಅಲುಗುವುದೇ ಇಲ್ಲ. ಒಂದೇ ಅಂಕಿಯ ವ್ಯತ್ಯಾಸ!

ಕ್ಯಾಬಿನೆಟ್ ತೆರೆಯಲು ಮನಸ್ಸಿಲ್ಲವೇ? ಡಾಂಗಲ್ ಸರಿ, ಆದರೆ ಹೊರಗೆ ಆಂಟೆನಾ ಇರುವುದು ಅಥವಾ ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್ ಜೊತೆ ಬರುವುದನ್ನು ಆರಿಸಿ. ಉಗುರಿನಷ್ಟರದ್ದು ಲ್ಯಾಪ್‌ಟಾಪ್‌ಗೆ ಚೆಂದ, ಇಲ್ಲಿ ಬೇಡ. ಕೇಬಲ್ ಬೇರೆಯಾಗಿ ಕೊಳ್ಳುವುದಾದರೆ ಒಂದು ಮೀಟರ್‌ನದು ಸಾಕು. ಇದು ಎತ್ತರಕ್ಕಾಗಿ ಮಾತ್ರವಲ್ಲ: ಯುಎಸ್‌ಬಿ 3.0 ಕಿಂಡಿಗಳು ಕೆಲಸ ಮಾಡುವಾಗ ಹೊಮ್ಮುವ ಗದ್ದಲ 2.4 ಗಿಗಾಹರ್ಟ್ಸ್ ಮೇಲೇ ಬೀಳುತ್ತದೆ. ಪಕ್ಕದ ಕಿಂಡಿಗೆ ಹೊರಗಿನ ಹಾರ್ಡ್ ಡಿಸ್ಕ್ ಹಾಕಿದೊಡನೆ ವೈ-ಫೈ ಸೊರಗುವುದಕ್ಕೆ ಕಾರಣ ಬಹುಪಾಲು ಇದೇ. ಡಾಂಗಲನ್ನು ದೂರ ಸರಿಸಿ, 5 ಗಿಗಾಹರ್ಟ್ಸ್‌ಗೆ ಬದಲಾಯಿಸಿ.

ಚಿಪ್ ಮತ್ತು ಡ್ರೈವರ್

ಬ್ರ್ಯಾಂಡ್ ಹೆಸರಿಗಿಂತ ಒಳಗಿನ ಚಿಪ್ ಯಾವುದೆಂದು ತಿಳಿಯಿರಿ. ಒಂದೇ ಮಾದರಿಯ ಮೊದಲ ಆವೃತ್ತಿಯಲ್ಲಿ ಒಂದು ಚಿಪ್, ಎರಡನೆಯದರಲ್ಲಿ ಇನ್ನೊಂದು ಇರುವುದು ಈ ಸರಕಿನಲ್ಲಿ ಮಾಮೂಲು. ವಿಂಡೋಸ್ ಬಳಕೆದಾರರಿಗೆ ಇದರಿಂದ ಅಷ್ಟು ತೊಂದರೆಯಿಲ್ಲ, ಲಿನಕ್ಸ್ ಬಳಸುವವರಿಗೆ ತಲೆನೋವು. ಕಾರ್ಡ್ ಆದರೆ ಇಂಟೆಲ್, ಡಾಂಗಲ್ ಆದರೆ ಮೀಡಿಯಾಟೆಕ್‌ನ ಎಂಟಿ7612ಯು ಅಥವಾ ಎಂಟಿ7921ಎಯು ಚಿಪ್ ಇರುವುದು ಲಿನಕ್ಸ್‌ಗೆ ನಿಶ್ಚಿಂತೆ. ಅವುಗಳ ಡ್ರೈವರ್, ಅಂದರೆ ಸಾಧನವನ್ನು ನಡೆಸುವ ತಂತ್ರಾಂಶ, ಲಿನಕ್ಸ್‌ನ ತಿರುಳಾದ ಕರ್ನೆಲ್‌ನಲ್ಲೇ ಇದೆ.

ಡ್ರೈವರ್ ಇಳಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ಡ್ರೈವರ್ ಬೇಕು. ಈ ಫಜೀತಿಗೆ ಮದ್ದು ಫೋನಿನಲ್ಲಿದೆ: ಯುಎಸ್‌ಬಿ ತಂತಿಯಲ್ಲಿ ಜೋಡಿಸಿ ಟೆದರಿಂಗ್ (ಫೋನಿನ ಇಂಟರ್ನೆಟ್ಟನ್ನು ಕಂಪ್ಯೂಟರ್‌ಗೆ ಕೊಡುವ ಸೌಲಭ್ಯ) ಚಾಲೂ ಮಾಡಿ.

ಹಾಕಿದ ಮೇಲೆ

ಕಾರ್ಡ್ ಕೂರಿಸುವಾಗ ವಿದ್ಯುತ್ ತಂತಿ ಕಿತ್ತು, ಕ್ಯಾಬಿನೆಟ್‌ನ ಬರಿಯ ಲೋಹ ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ ಕಳೆದುಕೊಳ್ಳಿ. ಎರಡೂ ಆಂಟೆನಾ ತಿರುಪಿ ಬಿಗಿ ಮಾಡಿ. ಕಡ್ಡಿ ಆಂಟೆನಾದ ಸಿಗ್ನಲ್ ಪಕ್ಕಗಳಿಗೆ ಹರಡುತ್ತದೆ, ತುದಿಯ ದಿಕ್ಕಿನಲ್ಲಿ ತೀರಾ ಕಡಿಮೆ; ಆದ್ದರಿಂದ ತುದಿಯನ್ನು ರೂಟರ್ ಕಡೆಗೆ ಗುರಿ ಹಿಡಿಯಬೇಡಿ. ಒಂದನ್ನು ನೆಟ್ಟಗೆ, ಇನ್ನೊಂದನ್ನು ಓರೆಯಾಗಿ ನಿಲ್ಲಿಸಿ.

ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್, ವೈ-ಫೈ, ಪ್ರಾಪರ್ಟೀಸ್ ತೆರೆದರೆ ಬ್ಯಾಂಡ್ ಮತ್ತು ಲಿಂಕ್ ಸ್ಪೀಡ್ ಕಾಣುತ್ತವೆ. 72 ಅಥವಾ 144 ಕಂಡರೆ ಬಹುಶಃ 2.4ಕ್ಕೆ ಸೇರಿಕೊಂಡಿದೆ, ಡಿವೈಸ್ ಮ್ಯಾನೇಜರ್‌ನಲ್ಲಿ ಅಡಾಪ್ಟರ್‌ನ ಅಡ್ವಾನ್ಸ್‌ಡ್ ಪುಟಕ್ಕೆ ಹೋಗಿ, ಪ್ರಿಫರ್ಡ್ ಬ್ಯಾಂಡ್ ಎಂಬುದು ಇದ್ದರೆ 5 ಗಿಗಾಹರ್ಟ್ಸ್ ಆರಿಸಿ. ರೂಟರ್ ಪಕ್ಕದಲ್ಲೇ ಇದ್ದೂ 867 ಬರಬೇಕಾದಲ್ಲಿ 433 ಬಂದರೆ ಒಂದು ಆಂಟೆನಾ ಸಡಿಲವಾಗಿದೆಯೇ ನೋಡಿ. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟಾಗಲೆಲ್ಲ ಸಂಪರ್ಕ ಕಡಿಯುತ್ತಿದ್ದರೆ, ಅಲ್ಲೇ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ವಿದ್ಯುತ್ ಉಳಿಸಲು ಕಂಪ್ಯೂಟರ್ ಈ ಸಾಧನವನ್ನು ಆಫ್ ಮಾಡಬಹುದು ಎಂಬ ಸಾಲಿನ ಗುರುತು ತೆಗೆದುಹಾಕಿ.